ಕೊಬ್ಬರಿ ಅಟ್ಟದ ಕೆಳಗೆ ಪದೇ ಪದೇ ಹಾವು, ಏನು ಮಾಡೋದು?

ತೋಟದಮನೆ ತಿಪಟೂರು:
ತಿಪಟೂರು ತಾಲ್ಲೂಕಿನ ತೋಟದ ಮನೆ. ಪಕ್ಕದಲ್ಲೇ ಉಂಡೆ ಕೊಬ್ಬರಿ ಅಟ್ಟ, ಹಿಂದುಗಡೆ ಸುಲಿದ ಮಟ್ಟೆ ರಾಶಿ. ಈ ತಿಂಗಳು ಅಟ್ಟದ ಕೆಳಗೆ ಎರಡು ಸಲ ಉದ್ದನೆಯ ಹಾವು, ಬಚ್ಚಲ ಹತ್ತಿರ ಒಂದು ಸಲ ದಪ್ಪಗೆ ಗಿಡ್ಡನೆಯದು, ಮೈಮೇಲೆ ಮಚ್ಚೆ. ಫಿನಾಯಿಲ್ ಸುರಿದೆವು, ಆದರೂ ಬಂತು. ಅಮ್ಮ ಮಲಗೋದು ನೆಲದ ಮೇಲೆ. ತಿಳಿದವರು ಹೇಳಿ.

ಉರಗಮಿತ್ರ:
ಫಿನಾಯಿಲ್, ಬೆಳ್ಳುಳ್ಳಿ, ಗಂಧಕ ಎಲ್ಲಾ ದುಡ್ಡು ದಂಡ ಸರ್. ಹಾವು ಬರೋದು ಇಲಿಗೆ. ಕಾಯಿ ಎಂಟು-ಹತ್ತು ತಿಂಗಳು ಅಟ್ಟದ ಮೇಲಿದ್ದರೆ ಇಲಿ ಅಲ್ಲೇ ಮರಿ ಹಾಕುತ್ತೆ, ಅದರ ಹಿಂದೆ ಕೇರೆ, ನಾಗರ. ಉದ್ದನೆಯದು ಹೆಡೆ ಎತ್ತಲಿಲ್ಲ ಅಂತ ಕೇರೆ ಅಂದುಕೊಳ್ಳಬೇಡಿ, ತನ್ನ ಪಾಡಿಗೆ ಹರಿದು ಹೋಗುವಾಗ ನಾಗರವೂ ಹೆಡೆ ಎತ್ತಲ್ಲ. ಅಟ್ಟಕ್ಕೆ ಇಲಿ ಬೋನು ಇಡಿ.

ನನಗೆ ಚಿಂತೆ ಮಚ್ಚೆಯದರದ್ದು. ಬೆನ್ನಿನುದ್ದಕ್ಕೂ ಸರಪಳಿ ಥರ ಮೂರು ಸಾಲು ಕಂದು ಮಚ್ಚೆ, ತ್ರಿಕೋನದ ತಲೆ, ಕುಕ್ಕರಿನ ಆವಿ ಬಿಟ್ಟ ಹಾಗೆ ಬುಸುಗುಟ್ಟೋದು, ಇವಿದ್ದರೆ ಕೊಳಕುಮಂಡಲ. ಮಣ್ಣುಮುಕ್ಕನ ಮಚ್ಚೆ ಅಂಕುಡೊಂಕಾಗಿ ಒಂದಕ್ಕೊಂದು ಕೂಡಿಕೊಂಡಿರುತ್ತೆ, ಬಾಲ ತೀರಾ ಗಿಡ್ಡ. ಅನುಮಾನ ಬಂದರೆ ಮಂಡಲ ಅಂತಲೇ ತಿಳಿದು ದೂರ ಇರಿ.

ಮಟ್ಟೆ ರಾಶಿ ಮನೆಯಿಂದ 30 ಅಡಿಯಾದರೂ ಆಚೆ ಹೋಗಬೇಕು. ಹಗಲು ಹೊತ್ತು, ಗಂಬೂಟು ಹಾಕಿಕೊಂಡು, ಗುದ್ದಲಿಯಲ್ಲಿ ಮೇಲಿನಿಂದ ಪದರ ಪದರವಾಗಿ ಎಳೆಯಿರಿ. ಬುಡದ ಒದ್ದೆ ಮಟ್ಟೆಯ ತಂಪಿನಲ್ಲೇ ಮಂಡಲ ಸುತ್ತಿಕೊಂಡು ಮಲಗಿರೋದು. ಎರಡೂ ಕೈಯಲ್ಲಿ ಬಾಚಿ ಎತ್ತಲೇಬೇಡಿ, ಕಚ್ಚಿಸಿಕೊಳ್ಳೋದು ಹಾಗೆ. ಮಟ್ಟೆಯನ್ನ ತೆಂಗಿನ ಸಾಲಿನ ನಡುವೆ ಗುಂಡಿ ತೆಗೆದು ಹೂತರೆ ರಾಶಿಯೇ ಇರಲ್ಲ, ಬೇಸಿಗೆಗೆ ತೇವವೂ ಹಿಡಿದಿಡುತ್ತೆ.

ಬಾಗಿಲ ಕೆಳಗೆ ಕಿರುಬೆರಳು ತೂರುವಷ್ಟು ಸಂದಿ ಸಾಕು ಕಟ್ಟುಹಾವಿನ ಮರಿಗೆ. ರಬ್ಬರ್ ಪಟ್ಟಿ ಹೊಡೆಸಿ. ಬಚ್ಚಲ ತೂತಿಗೆ ಕಾಲಿಂಚು ಕಣ್ಣಿನ ಜಾಲರಿ.

ಸಿಸ್ಟರ್ ಗುಬ್ಬಿ:
ಅಮ್ಮನನ್ನ ಇವತ್ತೇ ಮಂಚಕ್ಕೆ ಹತ್ತಿಸಿ, ಸೊಳ್ಳೆಪರದೆಯ ಅಂಚನ್ನ ಹಾಸಿಗೆ ಕೆಳಗೆ ಸಿಕ್ಕಿಸಿ. ಕಟ್ಟುಹಾವು ತಿರುಗೋದು ರಾತ್ರಿ. ಕಚ್ಚಿದರೆ ಊತ ಇರಲ್ಲ, ಹಲ್ಲಿನ ಗುರುತೂ ಕಾಣದೇ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ಆಮೇಲೆ ರೆಪ್ಪೆ ಜೋತು ಬೀಳುತ್ತೆ, ಮಾತು ತೊದಲುತ್ತೆ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿಸಿ ಕೂರಿಸಬೇಡಿ, 108ಕ್ಕೆ ಫೋನ್ ಮಾಡಿ.

ತೋಟದಮನೆ ತಿಪಟೂರು:
ಹುಳ ಮುಟ್ಟಿದರೆ ಮೇಲಕ್ಕೆ ಬಿಗಿಯಾಗಿ ಕಟ್ಟಬೇಕು, ಹಾವನ್ನೂ ಹೊಡೆದು ಆಸ್ಪತ್ರೆಗೆ ತರಬೇಕು ಅಂತಾರಲ್ಲ ಮೇಡಂ?

ಸಿಸ್ಟರ್ ಗುಬ್ಬಿ:
ಎರಡೂ ಬೇಡ. ಮಂಡಲದ ವಿಷ ಮಾಂಸವನ್ನೇ ಕೊಳೆಸುತ್ತೆ, ಬಿಗಿದು ಕಟ್ಟಿದರೆ ಕಾಲೇ ಹೋಗಬಹುದು. ಕುಯ್ಯೋದು, ಚೀಪೋದು ಬೇಡ. ಊದೋಕೆ ಮುಂಚೆ ಬಳೆ, ಉಂಗುರ, ಕಾಲುಂಗುರ ಬಿಚ್ಚಿ. ಕಾಲಿಗೆ ಹಲಗೆ ಕೊಟ್ಟು ಸಡಿಲವಾಗಿ ಸುತ್ತಿ, ನಡೆಸದೆ ಎತ್ತಿಕೊಂಡು ಹೋಗಿ. ನೋವಿಗೆ ಡೈಕ್ಲೋಫೆನಾಕ್ ಕೊಡಬೇಡಿ, ಮಂಡಲ ಕಚ್ಚಿದ್ದರೆ ರಕ್ತಸ್ರಾವ ಹೆಚ್ಚುತ್ತೆ.

ಹಾವು ತರೋದು ಬೇಕಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಇಂಜೆಕ್ಷನ್ ಒಂದೇ. ಆಸ್ಪತ್ರೆಯಲ್ಲಿ 2 ಮಿ.ಲೀ. ರಕ್ತವನ್ನ ಒಣಗಿದ ಹೊಸ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಡ್ತಾರೆ. ಆಗಲೂ ಹೆಪ್ಪುಗಟ್ಟದೆ ನೀರಿನ ಹಾಗೇ ಇದ್ದರೆ ಮಂಡಲದ ವಿಷ ಏರಿದೆ ಅಂತ ಲೆಕ್ಕ. ಇಂಜೆಕ್ಷನ್ ಸಾಮಾನ್ಯವಾಗಿ 10 ವಯಲ್‌ನಿಂದ, ಅಂದರೆ 10 ಪುಟ್ಟ ಸೀಸೆಯಿಂದ ಶುರು. ಮಕ್ಕಳಿಗೂ ಅಷ್ಟೇ, ಯಾಕೆಂದರೆ ಹಾವು ಮಗು ಅಂತ ಕಡಿಮೆ ವಿಷ ಬಿಡಲ್ಲ. 2024ರ ಫೆಬ್ರವರಿಯಿಂದ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು, ದಾಖಲಿಸಿಕೊಳ್ಳದೆ ಕಳಿಸಿದರೆ ಕೇಳಿ.

ಉರಗಮಿತ್ರ:
ಒಳಗೆ ಬಂದರೆ ಆರಡಿ ದೂರ ನಿಂತು ಒಬ್ಬರು ಕಣ್ಣಿಟ್ಟಿರಿ. ಆ ಕೋಣೆ ಬಾಗಿಲು ಹಾಕಿ ಸಂದಿಗೆ ಬಟ್ಟೆ ತುರುಕಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ತೋಟದ ದಾರಿಯಲ್ಲಿ ಬೈಕ್ ಲೈಟಿಗೆ ಅಡ್ಡ ಸಿಕ್ಕರೂ ಅಷ್ಟೇ, ದೂರದಲ್ಲೇ ನಿಲ್ಲಿಸಿ, ಅದು ದಾಟಲಿ. ಮಂಡಲ ಎಷ್ಟೋ ಸಲ ಜಾಗ ಬಿಟ್ಟು ಕದಲಲ್ಲ, ಆಗ ಪಕ್ಕದಲ್ಲಿ ನುಸುಳಿಸದೆ ಬೇರೆ ದಾರಿ ಹಿಡಿಯಿರಿ.