ಕಲಾವಿದರ ‘ಪ್ರಾಕ್ಟೀಸ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಒಂದು ಪದಕ್ಕಾಗಿ ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ. ನಿಮ್ಮ ಸಹಾಯ ಬೇಕು.

ನನ್ನ ತಂಗಿಯ ಮಗಳು ಮೈಸೂರಿನಲ್ಲಿ ದೃಶ್ಯಕಲೆ ಓದಿ ಮುಗಿಸಿದ್ದಾಳೆ. ಈಗ ಜೊತೆಯವರೆಲ್ಲ ಸೇರಿ ಒಂದು ಪ್ರದರ್ಶನ ಮಾಡುತ್ತಿದ್ದಾರೆ. ಕೃತಿಗಳ ಪಕ್ಕ ಗೋಡೆಗೆ ಅಂಟಿಸುವ ಬರಹ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡಕ್ಕೆ ತರುವ ಕೆಲಸ ಸೋದರಮಾವನಾದ ನನ್ನ ಪಾಲಿಗೆ ಬಂತು. ನೋಡಿದರೆ ಎಲ್ಲರೂ ಶುರು ಮಾಡುವುದು ಒಂದೇ ಮಾತಿನಿಂದ: ‘ಮೈ ಪ್ರಾಕ್ಟೀಸ್’. ನಿಘಂಟು ನೋಡಿ ‘ನನ್ನ ಅಭ್ಯಾಸ’ ಅಂತ ಬರೆದೆ. ತಂಗಿ ಓದಿ, “ಅಭ್ಯಾಸ ಅಂದ್ರೆ? ಇವಳು ಇನ್ನೂ ಕಲೀತಾನೇ ಇದಾಳಾ ಅಣ್ಣ?” ಅಂತ ಕೇಳಿದಳು. ಅವಳ ದನಿಯಲ್ಲಿ ನಿಜವಾದ ಆತಂಕ ಇತ್ತು. ಆ ಪದವನ್ನು ಅಲ್ಲೇ ಹೊಡೆದು ಹಾಕಿದೆ.

ತಂಗಿ ಕೇಳಿದ್ದರಲ್ಲಿ ತಪ್ಪಿಲ್ಲ. ಅಭ್ಯಾಸ ಅಂದರೆ ನಮಗೆ ಓದು, ಇಲ್ಲವೇ ರೂಢಿ. ಮಕ್ಕಳು ಪರೀಕ್ಷೆಗೆ ಅಭ್ಯಾಸ ಮಾಡುತ್ತಾರೆ. ದೊಡ್ಡವರಿಗೆ ಬೆಳಿಗ್ಗೆ ಕಾಫಿ ಕುಡಿಯುವ ಅಭ್ಯಾಸ ಇರುತ್ತದೆ. ಕಲಾವಿದರು ಹೇಳುತ್ತಿರುವುದು ಇವೆರಡೂ ಅಲ್ಲ.

ಹಾಗಾದರೆ ಏನು? ನಮ್ಮ ಮೈಸೂರಿನವರೇ ಆದ ಕಲಾವಿದ ಎನ್.ಎಸ್. ಹರ್ಷ ಅವರನ್ನು ತಗೊಳ್ಳಿ. ಕಾವಾದಲ್ಲಿ, ಅಂದರೆ ಇಲ್ಲಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜಿನಲ್ಲಿ ಓದಿದರು. ಆಮೇಲೆ ಬರೋಡಾಕ್ಕೆ ಹೋಗಿ ಕಲಿತರು, ಮತ್ತೆ ಮೈಸೂರಿಗೇ ಬಂದು ನೆಲೆಸಿದರು. 2008ರಲ್ಲಿ ವೇಲ್ಸ್‌ನಲ್ಲಿ ಕಲಾವಿದರಿಗೆ ಕೊಡುವ ಆರ್ಟೆಸ್ ಮುಂಡಿ ಬಹುಮಾನ ಬಂತು. 2017ರಲ್ಲಿ ಟೋಕಿಯೋದ ಮೋರಿ ಮ್ಯೂಸಿಯಂ ಅವರ ದೊಡ್ಡ ಪ್ರದರ್ಶನ ಮಾಡಿತು. ಅವರ ಕ್ಯಾನ್ವಾಸಿನಲ್ಲಿ ಪುಟ್ಟ ಪುಟ್ಟ ಜನ ಸಾಲುಸಾಲಾಗಿ ಕೂತಿರುತ್ತಾರೆ, ಊಟದ ಪಂಕ್ತಿಯ ಹಾಗೆ. ಅದೇ ಹರ್ಷ ದೇಶದೇಶಗಳ ಬಾವುಟ ಬರೆದು, ಹೊಲಿಗೆ ಯಂತ್ರಗಳ ಜೊತೆ ಜೋಡಿಸಿ ‘ನೇಷನ್ಸ್’ ಅನ್ನುವ ಕೃತಿ ಮಾಡಿದರು. 2006ರಲ್ಲಿ ಸಿಂಗಪುರದ ಕೃಷ್ಣನ ಗುಡಿಯೊಂದರ ಒಳಗೇ ಚಿತ್ರ ಬರೆದರು. ಇವರನ್ನು ಚಿತ್ರಕಾರ ಅಂದು ಸುಮ್ಮನಾದರೆ ಹೊಲಿಗೆ ಯಂತ್ರ ಎಲ್ಲಿಗೆ ಹೋಗಬೇಕು? ಈ ಎಲ್ಲವನ್ನೂ, ವರ್ಷಗಟ್ಟಲೆ ಅದರ ಹಿಂದೆ ನಡೆಯುವ ಯೋಚನೆ, ಹುಡುಕಾಟ, ದಿನದಿನದ ದುಡಿಮೆಯನ್ನೂ ಸೇರಿಸಿ ಕಲಾವಿದರು ಪ್ರಾಕ್ಟೀಸ್ ಅನ್ನುತ್ತಾರೆ.

ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರ ಕೆಲಸ ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮೊದಲು ಬಣ್ಣದಲ್ಲಿ ಬರೆಯುತ್ತಿದ್ದವರು 1990ರ ದಶಕದಲ್ಲಿ ಸಗಣಿ ಹಿಡಿದರು. ಆಮೇಲೆ ದಾರ, ಸೂಜಿ, ಕುಂಕುಮ ಬಂತು. ಸೂಜಿಗಳ ಕಣ್ಣಿಗೆ ಉದ್ದುದ್ದ ದಾರ ಪೋಣಿಸಿ, ಅವನ್ನೆಲ್ಲ ಸೇರಿಸಿ, ಕುಂಕುಮ ಅಂಟು ಬಳಿದು ಕೆಂಪು ಹಗ್ಗ ಮಾಡಿದರು. ಹಗ್ಗದ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ನೇತಾಡುತ್ತವೆ. ದೃಷ್ಟಿ ತಾಗದಿರಲಿ ಅಂತ ಗಾಡಿಗೆ ಕಟ್ಟುತ್ತಾರಲ್ಲ ಕೂದಲಿನ ಹಗ್ಗ, ಅದನ್ನೂ ಕಾರಿನ ಬಂಪರುಗಳನ್ನೂ ಸೇರಿಸಿ ಮಾಡಿದ ಕೃತಿ 2009ರಲ್ಲಿ ವೆನಿಸ್ ಬಿನಾಲೆಯಲ್ಲಿ, ಅಂದರೆ ಅಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾಪ್ರದರ್ಶನದಲ್ಲಿ ಇತ್ತು. ಇಲ್ಲಿ ದಾರ ಪೋಣಿಸುತ್ತಾ ಕೂತ ಹೊತ್ತೂ ಕೃತಿಗೆ ಸೇರಿದ್ದೇ. ‘ಸಗಣಿ ಶೀಲಾ ಗೌಡರ ಅಭ್ಯಾಸದ ಒಂದು ಭಾಗ’ ಅಂತ ಒಮ್ಮೆ ಬರೆದು ನೋಡಿ. ಆ ದುಡಿಮೆಯ ಸುಳಿವೂ ಸಿಗುವುದಿಲ್ಲ.

ಬೇರೆ ಪದಗಳನ್ನೂ ಹಾಕಿ ನೋಡಿದೆ. ‘ಸಾಧನೆ’ ಒಂದು ಕಾಲಕ್ಕೆ ಸರಿಹೋಗುತ್ತಿತ್ತು. ಸಂಗೀತದವರು ಈಗಲೂ ಆ ಅರ್ಥದಲ್ಲಿ ಆಡುತ್ತಾರೆ. ಆದರೆ ಶಾಲು, ಹಾರ, ಸನ್ಮಾನದ ಜೊತೆ ಸೇರಿ ಸೇರಿ ಸಾಧನೆ ಅಂದರೆ ಈಗ ಗೆದ್ದದ್ದು ಅಂತಲೇ ಆಗಿದೆ. ಇಪ್ಪತ್ತಮೂರು ವರ್ಷದ ಹುಡುಗಿ ‘ನನ್ನ ಸಾಧನೆ’ ಅಂತ ಗೋಡೆಗೆ ಹಾಕಿದರೆ ಜಂಬ ಅಂದುಕೊಳ್ಳುತ್ತಾರೆ. ‘ತಾಲೀಮು’ ನನಗೆ ತುಂಬ ಇಷ್ಟದ ಪದ. ದಸರಾ ಬಂತೆಂದರೆ ಆನೆಗಳ ತಾಲೀಮು ನೋಡಲು ನಾವೆಲ್ಲ ರಸ್ತೆ ಬದಿ ನಿಲ್ಲುತ್ತೇವೆ. ಆದರೆ ತಾಲೀಮು ಮುಗಿದ ಮೇಲೆ ಜಂಬೂಸವಾರಿ ಬೇರೆ ಇರುತ್ತದೆ. ಕಲಾವಿದರ ಪ್ರಾಕ್ಟೀಸಿನಲ್ಲಿ ಹಾಗೆ ಬೇರೆ ಸವಾರಿ ಇಲ್ಲ, ಅಲ್ವಾ? ‘ವೃತ್ತಿ’ ಅಂದ ಕೂಡಲೇ ಸಂಬಳದ ಮಾತು ಬರುತ್ತದೆ. ವೃತ್ತಿಯಲ್ಲಿ ಮೇಷ್ಟ್ರು, ಪ್ರವೃತ್ತಿಯಲ್ಲಿ ಚಿತ್ರಕಾರ ಅನ್ನುವ ಮಾತು ನಮ್ಮಲ್ಲಿ ಅಷ್ಟು ಗಟ್ಟಿಯಾಗಿ ಕೂತಿದೆ. ‘ಕಾಯಕ’ ದೊಡ್ಡ ಪದ. ಶರಣರು ಅದಕ್ಕೆ ಕೊಟ್ಟ ತೂಕ ನೆನೆದರೆ ನನಗೆ ಮುಟ್ಟಲು ಕೈ ಬರಲಿಲ್ಲ. ಕೆಲಸ ಅನ್ನುವ ಅರ್ಥದ ‘ಎಸಕ’ ಅನ್ನುವ ಹಳಗನ್ನಡದ ಪದ ಚೆಲುವಾಗಿದೆ, ಆದರೆ ಓದುವವರಿಗೆ ಅದನ್ನೇ ಮೊದಲು ಬಿಡಿಸಿ ಹೇಳಬೇಕು.

ಕೊನೆಗೆ ಪದ ಸಿಕ್ಕಿದ್ದು ಆಲೆಮನೆಯಲ್ಲಿ. ಹುಡುಗಿಯ ಅಪ್ಪನ ಊರು ಮಂಡ್ಯದ ಹತ್ತಿರ. ಅವಳು ಅಲ್ಲಿ ಕೂತು ಕಬ್ಬಿನ ಸಿಪ್ಪೆಯನ್ನು ಹೊಲಿದು ದೊಡ್ಡ ಚಾಪೆಯಂಥದ್ದು ಮಾಡುತ್ತಾಳೆ, ಹಳೆಯ ಬೆಲ್ಲದ ಅಚ್ಚುಗಳನ್ನು ಅದರ ಸುತ್ತ ಇಡುತ್ತಾಳೆ. ನಾನೂ ಹೋಗಿದ್ದೆ. ಕೊಪ್ಪರಿಗೆ ಹತ್ತಿರ ನಿಂತು ಪಾಕ ನೋಡುವ ಹಿರಿಯರು ಒಬ್ಬರಿದ್ದಾರೆ. ಒಂದು ತೊಟ್ಟು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ಹೇಳುತ್ತಾರೆ. ಅವರು ಇವಳನ್ನು ಸುಮಾರು ಹೊತ್ತು ನೋಡಿ, “ಓದೋದು ಮುಗೀತಲ್ಲವ್ವ, ಇನ್ಮೇಕೆ ಇದೇಯ ನಿನ್ ಕಸುಬು?” ಅಂದರು. ಇವಳು ಹೂಂ ಅಂದಳು. ಯಾರೂ ಯಾರಿಗೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

ಕಸುಬು ಅರಬ್ಬಿಯಿಂದ ಬಂದ ಪದ. ಅಲ್ಲಿ ಗಳಿಕೆ, ಸಂಪಾದನೆ ಅಂತ ಅರ್ಥ. ನಮ್ಮಲ್ಲಿ ಅದು ಕೈಗೆ ಹತ್ತಿದ ವಿದ್ಯೆ ಅಂತಲೂ ಆಯಿತು. ಕಥೆ ಕವಿತೆಗಳ ವಿಮರ್ಶೆಯಲ್ಲಿ ‘ಕಸುಬುಗಾರಿಕೆ’ ಅಂತ ಮೆಚ್ಚಿ ಬರೆಯುತ್ತಾರೆ. ಮೈಸೂರು ಶೈಲಿಯ ಚಿತ್ರಕಾರರನ್ನು ನೆನೆಸಿಕೊಳ್ಳಿ. ಹುಣಸೆ ಕಡ್ಡಿ ಸುಟ್ಟು ಇದ್ದಿಲು ಮಾಡಿ ಗೆರೆ ಹಾಕುವುದು, ಅಳಿಲಿನ ಕೂದಲಿನ ಕುಂಚ, ಉಬ್ಬು ಕೆಲಸದ ಮೇಲೆ ಚಿನ್ನದ ರೇಕು ಕೂರಿಸುವುದು. ಇಷ್ಟನ್ನೂ ಒಟ್ಟಿಗೆ ಕಸುಬು ಅಂದರೆ ಒಪ್ಪುತ್ತದೆ. ಹರ್ಷ ಅವರ ಹೊಲಿಗೆ ಯಂತ್ರಕ್ಕೂ ಅದರಲ್ಲಿ ಜಾಗ ಇದೆ.

ಆದರೂ ಒಂದು ಅಳುಕು ಇದೆ, ಸಣ್ಣದಲ್ಲ. ಕಸುಬಿನ ಹಿಂದೆಯೇ ‘ಕುಲಕಸುಬು’ ಬರುತ್ತದೆ. ಹುಟ್ಟಿದ ಮನೆಯೇ ದುಡಿಮೆಯನ್ನು ಗೊತ್ತು ಮಾಡಿದ ನೋವು ಆ ಪದದಲ್ಲಿದೆ. ಅದನ್ನು ದಾಟಿ ಚಿತ್ರ ಬರೆಯಲು ಬಂದ ಮಕ್ಕಳೂ ಈ ಗುಂಪಿನಲ್ಲಿದ್ದಾರೆ. ಅವರಲ್ಲೊಬ್ಬ ಹುಡುಗನಿಗೆ ಈ ಪದ ಹೇಳಿದಾಗ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. “ಯೋಚನೆ ಮಾಡ್ತೀನಿ ಸಾರ್” ಅಂದ. ಅವನು ಒಪ್ಪದೆ ನಾನು ಹಾಕುವುದಿಲ್ಲ.

ವಾಕ್ಯದ ಒಳಗಾದರೆ ದಾರಿ ಇದೆ. ನಾಮಪದವನ್ನೇ ಬಿಟ್ಟು ‘ನಾನು ಕಬ್ಬಿನ ಸಿಪ್ಪೆಯಲ್ಲಿ ಕೆಲಸ ಮಾಡುತ್ತೇನೆ’ ಅಂತ ಬರೆದೆ. ಚೆನ್ನಾಗಿ ಓದಿಸಿಕೊಳ್ಳುತ್ತದೆ. ತೊಂದರೆ ಇರುವುದು ತಲೆಬರಹದಲ್ಲಿ. ಅಲ್ಲಿ ಒಂದೇ ಪದ ಬೇಕು.

ನಿಮ್ಮ ಕಡೆ ಏನನ್ನುತ್ತಾರೆ? ಧಾರವಾಡ, ಕಲಬುರಗಿ ಕಡೆ ಕಸುಬು ಅಂದರೆ ಬೇರೆ ಏನಾದರೂ ಧ್ವನಿ ಬರುತ್ತದಾ? ಯಕ್ಷಗಾನದವರು, ನೇಕಾರರು, ಮಡಕೆ ಮಾಡುವವರು ತಮ್ಮ ಇಡೀ ಬದುಕಿನ ಕೆಲಸಕ್ಕೆ ಮನೆಯಲ್ಲಿ ಯಾವ ಮಾತು ಆಡುತ್ತಾರೆ? ಬರಹ ಮುಂದಿನ ವಾರ ಅಚ್ಚಿಗೆ ಹೋಗಬೇಕು. ತಲೆಬರಹದ ಜಾಗ ಖಾಲಿ ಬಿಟ್ಟಿದ್ದೇನೆ.