ಸನೋವಾ ಕಟ್ಟಿದ ಜಾನ್ ಬರ್ಗರ್ ಎಡವಿದ್ದು ಎಲ್ಲಿ?

ಪ್ರಶ್ನೆ: ಅಮೆರಿಕದಲ್ಲಿ ಮನೆಗಳ ಮೇಲೆ ಸೋಲಾರ್ ಹಾಕುತ್ತಿದ್ದ ಹ್ಯೂಸ್ಟನ್‌ನ ಸನೋವಾ ಗೊತ್ತಲ್ವಾ? ಬರ್ಗರ್ 2012ರಲ್ಲಿ ಶುರು ಮಾಡಿದರು, 2019ರಲ್ಲಿ ಷೇರು ಮಾರುಕಟ್ಟೆಗೆ ತಂದರು. 2025ರ ಮಾರ್ಚ್‌ನಲ್ಲಿ ಸಿಇಒ ಹುದ್ದೆ ಬಿಟ್ಟರು, ಜೂನ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಇಷ್ಟು ಬೇಗ ಹೇಗೆ?

ಉತ್ತರ 1: ಸಾಲ. ಪ್ಯಾನೆಲ್, ಇನ್ವರ್ಟರ್, ಕೂಲಿ ಎಲ್ಲದಕ್ಕೂ ಕಂಪನಿಯೇ ಮೊದಲು ದುಡ್ಡು ಹಾಕಬೇಕು, ಅದು ಗ್ರಾಹಕರಿಂದ ತಿಂಗಳು ತಿಂಗಳು ಚೂರುಚೂರಾಗಿ ವಾಪಸ್ ಬರೋಕೆ 20-25 ವರ್ಷ ಬೇಕು. 2022ರಿಂದ ಬಡ್ಡಿ ಏರಿತು, ಲೆಕ್ಕ ತಪ್ಪಿತು.

ಉತ್ತರ 2: ಬಡ್ಡಿ ಒಂದೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 2023ರ ಏಪ್ರಿಲ್‌ನಿಂದ ಹೊಸ ಗ್ರಾಹಕರು ಗ್ರಿಡ್‌ಗೆ (ವಿದ್ಯುತ್ ಜಾಲಕ್ಕೆ) ಕೊಡುವ ಕರೆಂಟಿಗೆ ಸಿಗುವ ದರ ತುಂಬಾ ಇಳಿಯಿತು, ಸೋಲಾರ್ ಹಾಕಿಸಿದರೆ ಆಗುವ ಲಾಭ ಕಮ್ಮಿಯಾಯಿತು.

ಉತ್ತರ 3: ನನಗೆ ಬೇಜಾರು ಸನೋವಾ ಪರವಾಗಿ ಪ್ಯಾನೆಲ್ ಹಾಕುತ್ತಿದ್ದ ಸಣ್ಣ ಡೀಲರ್‌ಗಳ ಬಗ್ಗೆ. ಛಾವಣಿ ಹತ್ತಿ ಕೆಲಸ ಮುಗಿಸಿದವರು ಅವರು, ಬಾಕಿಗೆ ಕಾದವರೂ ಅವರೇ.