‘ಫ್ಲ್ಯಾಶ್ ಲೈಟ್’ ಬೇಸ್: ಸದ್ದು ಬಂತು, ನಡಿಗೆ ಬರ್ತಿಲ್ಲ

ಕೀಲಿಮಣೆ
ಅಮೆರಿಕದ ಫಂಕ್ ತಂಡ ಪಾರ್ಲಿಮೆಂಟ್‌ನ ‘ಫ್ಲ್ಯಾಶ್ ಲೈಟ್’ ಹಾಡಿನ ಬೇಸ್‌ನ (ತಳದ ತಗ್ಗು ಸ್ವರಗಳ ಸಾಲು) ಸಾಫ್ಟ್‌ವೇರ್ ಸಿಂತ್‌ನಲ್ಲಿ (ಕಂಪ್ಯೂಟರ್‌ನಲ್ಲಿ ಸದ್ದು ಹುಟ್ಟಿಸೋ ಸಿಂತಸೈಜರ್) ತರೋಕೆ ನೋಡ್ತಿದ್ದೀನಿ. ಮೂರು ಆಸಿಲೇಟರ್ (ಸ್ವರ ಹುಟ್ಟಿಸೋ ಭಾಗ), ಮೂರೂ ಸಾಟೂತ್ ಅಲೆ, ಮೇಲಿನ ತೀಕ್ಷ್ಣ ಸದ್ದು ತಡೆಯೋ 24 ಡಿಬಿ ಲೋ-ಪಾಸ್ ಫಿಲ್ಟರ್. ಒಂದೊಂದೇ ಸ್ವರ ಒತ್ತಿದ್ರೆ ಚೆನ್ನಾಗೇ ಇದೆ. ಸಾಲು ಪೂರ್ತಿ ನುಡಿಸಿದ್ರೆ ಜೋತುಬಿದ್ದ ಹಾಗೆ ಕೇಳುತ್ತೆ. ಗ್ಲೈಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋ ಸಮಯ) 120 ಮಿಲಿಸೆಕೆಂಡ್, ಎಲ್ಲಾ ಸ್ವರಾನೂ ಕ್ವಾಂಟೈಸ್ ಆಗಿದೆ (ತಾಳದ ಗ್ರಿಡ್‌ಗೆ ಕೂರಿಸಿದೆ). ಎಲ್ಲಿ ತಪ್ತಿದೆ? ಸಿಂತ್ ಬೇಸ್ ಶುರುವಾಗಿದ್ದೇ ಈ ಹಾಡಿಂದ ಅಂತಾರಲ್ಲ, ನಿಜಾನಾ?

ಬೇಸ್‌ಮನೆ
ಆಸಿಲೇಟರ್ ಸದ್ಯ ಮುಟ್ಟಬೇಡಿ. ಮೊದಲು ಗ್ಲೈಡ್ 30–40ಕ್ಕೆ ಇಳಿಸಿ, ಆಮೇಲೆ ನೋಟ್ ಪ್ರಯಾರಿಟಿ (ಎರಡು ಕೀ ಒತ್ತಿದ್ರೆ ಯಾವುದು ಕೇಳಬೇಕು ಅನ್ನೋ ಸೆಟ್ಟಿಂಗ್) ನೋಡಿ.

ತಂಡದ ಕೀಬೋರ್ಡ್ ವಾದಕ ಬರ್ನೀ ವೊರೆಲ್ ಇದನ್ನ ನುಡಿಸಿದ್ದು ಮೋಗ್ ಕಂಪನಿಯ ಮಿನಿಮೋಗ್ ಸಿಂತ್‌ನಲ್ಲಿ. ಆ ವಾದ್ಯದಲ್ಲಿ ಒಂದು ಸಲಕ್ಕೆ ಒಂದೇ ಸ್ವರ. ಎರಡು ಕೀ ಒಟ್ಟಿಗೆ ಒತ್ತಿದ್ರೆ ಕೆಳಗಿನದೇ ಗೆಲ್ಲುತ್ತೆ. ಮೊದಲ ಕೀ ಬಿಡದೆ ಮುಂದಿನದಕ್ಕೆ ಹೋದ್ರೆ ಎನ್ವಲಪ್ (ಸ್ವರ ಏರಿಳಿಯೋ, ಫಿಲ್ಟರ್ ತೆರೆದು ಮುಚ್ಚೋ ಬಗೆ) ಹೊಸದಾಗಿ ಶುರುವಾಗಲ್ಲ. ಫಿಲ್ಟರ್ ಆಗಲೇ ಮುಚ್ಚಿರೋದರಿಂದ ಆ ಸ್ವರ ಮಂಕಾಗಿ ಜಾರಿ ಬರುತ್ತೆ. ಬೆರಳೆತ್ತಿ ಒತ್ತಿದ್ರೆ ‘ಟ್ವಾವ್’ ಅಂತ ಬಾಯಿ ಬಿಡುತ್ತೆ. ಮಂಕು ಸ್ವರ, ಬಾಯಿಬಿಟ್ಟ ಸ್ವರ ಎರಡೂ ಬೆರೆತಾಗಲೇ ಆ ನಡಿಗೆ. ಕೊನೆಗೆ ಒತ್ತಿದ ಕೀಗೆ ಆದ್ಯತೆ, ಪ್ರತಿ ಸ್ವರಕ್ಕೂ ರೀಟ್ರಿಗರ್ (ಎನ್ವಲಪ್ ಮತ್ತೆ ಶುರು) ಅಂತ ನಿಮ್ಮ ಸಾಫ್ಟ್‌ವೇರ್‌ನಲ್ಲಿ ಇದ್ರೆ ಎಷ್ಟು ಚೆನ್ನಾಗಿ ನುಡಿಸಿದ್ರೂ ಬರಲ್ಲ. ಮೋನೋ (ಒಂದು ಸಲಕ್ಕೆ ಒಂದೇ ಸ್ವರ), ಲೋ ಪ್ರಯಾರಿಟಿ, ಸಿಂಗಲ್ ಟ್ರಿಗರ್ (ಬೆರಳೆತ್ತಿ ಒತ್ತಿದಾಗ ಮಾತ್ರ ಹೊಸ ಎನ್ವಲಪ್) ಮಾಡಿ. ಪರೀಕ್ಷೆ ಸುಲಭ: ಕೆಳಗಿನ ‘ಸಿ’ ಒತ್ತಿ ಹಿಡಿದು ಮೇಲಿನ ‘ಜಿ’ ತಟ್ಟಿ. ಏನೂ ಬದಲಾಗಬಾರದು.

ಶುರು ಮಾಡೋಕೆ ನಾನು ಹೇಳೋ ಅಳತೆ: ಒಂದು, ಎರಡನೇ ಆಸಿಲೇಟರ್ 16 ಅಡಿ (ಅಡಿ ಹೆಚ್ಚಿದಷ್ಟೂ ಸ್ವರ ತಗ್ಗು), ಎರಡನೆಯದು 5–6 ಸೆಂಟ್ (ಶ್ರುತಿಯ ಸಣ್ಣ ಅಳತೆ) ಏರಿಸಿ. ಮೂರನೆಯದು 32 ಅಡಿ, ಅರ್ಧ ವಾಲ್ಯೂಮ್. ಕಟ್‌ಆಫ್ (ಫಿಲ್ಟರ್ ತಡೆ ಶುರುವಾಗೋ ಜಾಗ) 200 ಹರ್ಟ್ಸ್ ಆಸುಪಾಸು, ಡಿಕೇ (ಇಳಿಯೋ ಸಮಯ) 250 ಮಿಲಿಸೆಕೆಂಡ್, ಸಸ್ಟೇನ್ (ಕೀ ಹಿಡಿದಿರುವಾಗ ಉಳಿಯೋ ಮಟ್ಟ) ಐದರಲ್ಲೊಂದು ಪಾಲು. ರೆಸೊನೆನ್ಸ್ (ಕಟ್‌ಆಫ್ ಬಳಿಯ ಸದ್ದು ಎತ್ತಿ ತೋರಿಸೋ ಗುಂಡಿ) ಮೂರರಲ್ಲೊಂದು ಪಾಲು ದಾಟಿಸಬೇಡಿ; ಮೋಗ್ ಥರದ ಫಿಲ್ಟರ್‌ನಲ್ಲಿ ಅದು ಏರಿದಷ್ಟೂ ತಳದ ತೂಕ ಕರಗುತ್ತೆ.

ತಮಟೆ
ಮೇಲಿನದೆಲ್ಲ ಸರಿ, ಆದರೆ ಕ್ವಾಂಟೈಸ್ ತೆಗೀರಿ. ಈ ಹಾಡಲ್ಲಿ ತಂಡದ ಬೇಸ್ ಗಿಟಾರ್ ವಾದಕ ಬೂಟ್ಸಿ ಕಾಲಿನ್ಸ್ ಅದನ್ನ ಬಿಟ್ಟು ಡ್ರಮ್ಸ್‌ಗೆ ಕೂತಿದ್ದಾರೆ, ತಾಳವೂ ಕೈಯಿಂದಲೇ ಬಂದದ್ದು. ಪ್ರತಿ ಬಾರ್‌ನ (ತಾಳದ ಆವರ್ತನೆಯ) ಮೊದಲ ಪೆಟ್ಟು ಮಾತ್ರ ಗ್ರಿಡ್‌ಗೆ ಕೂರಿಸಿ, ಉಳಿದದ್ದು ಬೆರಳು ಬಿದ್ದಲ್ಲೇ ಇರಲಿ. ಒಂದು ಎಚ್ಚರಿಕೆ: 32 ಅಡಿಯ ಆಸಿಲೇಟರ್ ಕಿಕ್ ಡ್ರಮ್ (ಕಾಲಲ್ಲಿ ಬಡಿಯೋ ದೊಡ್ಡ ಡ್ರಮ್) ಮೇಲೆ ಕೂತುಬಿಡುತ್ತೆ. ಕಿಕ್ ಮಸುಕಾದ್ರೆ ಈಕ್ಯೂ (ಈಕ್ವಲೈಜರ್) ತಿರುಗಿಸೋ ಮೊದಲು ಆ ಆಸಿಲೇಟರ್‌ನ ವಾಲ್ಯೂಮ್ ಇಳಿಸಿ.

ಹಳೇಪ್ಲೇಟು
ಸಿಂತ್ ಬೇಸ್ ಶುರುವಾಗಿದ್ದು ಈ ಹಾಡಿಂದಲ್ಲ. ಸ್ಟೀವೀ ವಂಡರ್ 1974ರಲ್ಲೇ ‘ಬೂಗಿ ಆನ್ ರೆಗೆ ವುಮನ್’ ಹಾಡಿಗೆ ಮೋಗ್ ಬೇಸ್ ನುಡಿಸಿದ್ರು. ಆದರೆ ‘ಫ್ಲ್ಯಾಶ್ ಲೈಟ್’ 1978ರಲ್ಲಿ ಅಮೆರಿಕದ ಆರ್‌ ಅಂಡ್ ಬಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಫಂಕ್ ಅಂದ್ರೆ ಬೇಸ್ ಗಿಟಾರ್ ಅಂತಿದ್ದ ಕಾಲಕ್ಕೆ ಅದು ದೊಡ್ಡ ಮಾತು. ಅಲ್ಲಿಂದ 1980ರ ಜ್ಯಾಪ್ ತಂಡದ ‘ಮೋರ್ ಬೌನ್ಸ್ ಟು ದಿ ಔನ್ಸ್’, 1982ರ, ಪಾರ್ಲಿಮೆಂಟ್ ಮುಖ್ಯಸ್ಥ ಜಾರ್ಜ್ ಕ್ಲಿಂಟನ್‌ರ ‘ಅಟಾಮಿಕ್ ಡಾಗ್’, ಆಮೇಲೆ ತೊಂಬತ್ತರ ದಶಕದ ಲಾಸ್ ಏಂಜಲೀಸ್ ಜಿ-ಫಂಕ್ (ಫಂಕ್ ಬೆರೆತ ರ‍್ಯಾಪ್).

ಜಿ-ಫಂಕ್‌ನ ಆ ಕೀರಲು ಸಿಂತ್ ಸಿಳ್ಳೆಯನ್ನೂ ಇದೇ ಹಾಡಿಗೆ ಅಂಟಿಸೋರಿದ್ದಾರೆ. ಅದರ ಬೇರು ಓಹಾಯೋ ಪ್ಲೇಯರ್ಸ್ ತಂಡದ ‘ಫಂಕಿ ವರ್ಮ್’, ನುಡಿಸಿದ್ದು ಜೂನೀ ಮಾರಿಸನ್. ಅವರೂ ಮುಂದೆ ಕ್ಲಿಂಟನ್ ಬಳಗಕ್ಕೇ ಬಂದ್ರು.

ಕೀಲಿಮಣೆ
‘ಸಿ’ ಹಿಡಿದು ‘ಜಿ’ ತಟ್ಟಿ ನೋಡಿದೆ, ಸ್ವರ ಮೇಲಕ್ಕೆ ಹಾರಿತು. ಸೆಟ್ಟಿಂಗ್ ‘ಲಾಸ್ಟ್’ನಲ್ಲಿತ್ತು. ‘ಲೋ’ಗೆ ತಂದು ರೀಟ್ರಿಗರ್ ಆರಿಸಿದೆ, ಮೂರನೇ ಆಸಿಲೇಟರ್‌ನೂ ತಗ್ಗಿಸಿದೆ. ಸಾಲು ಈಗ ಕುಣೀತಿದೆ.